ಇಪ್ಪತ್ತೆಂಟನೆಯ ಫಾರಂ

ಪುಸ್ತಕಗಳಿಗೆ ರಟ್ಟು ಕಟ್ಟುವ ಗೋಂದಪ್ಪನಿಗೆ ಆ ಅಡ್ಡಹೆಸರು ಬಿದ್ದದ್ದು ಅವನ ಬೆರಳುಗಳಿಂದ. ನಲವತ್ತೈದು ವರ್ಷ ಗೋಂದಿನ ಡಬ್ಬಿಯಲ್ಲಿ ಅದ್ದಿ ಅದ್ದಿ ಅವು ಎಷ್ಟು ಅಂಟಂಟಾಗಿದ್ದವು ಅಂದರೆ, ಅವನ ಕೈ ಕುಲುಕಿದವರು ಎರಡು ಹೆಜ್ಜೆ ಆಚೆ ಹೋಗಿ ತಮ್ಮ ಅಂಗೈ ಮೂಸಿ ನೋಡಿಕೊಳ್ಳುತ್ತಿದ್ದರು. ಮೊಮ್ಮಗಳು ಅವನ ತೊಡೆಯ ಮೇಲೆ ಕೂರುವಳು, ಕೆನ್ನೆ ಮುಟ್ಟಲು ಮಾತ್ರ ಬಿಡಳು. ಅದಕ್ಕೆಲ್ಲ ಅವನಿಗೆ ಬೇಜಾರಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಅವನದು ಒಂದೇ ಮಾತು: "ಈ ಕೈಯಿಂದ ಹೋದ ಪುಸ್ತಕದಲ್ಲಿ ಒಂದೇ ಒಂದು ಹಾಳೆ ಹೆಚ್ಚುಕಮ್ಮಿ ಆಗಿದೆ ಅಂತ ತೋರಿಸಿಬಿಡಿ, ಮೀಸೆ ಬೋಳಿಸ್ಕೋತೀನಿ." ಮೀಸೆ ಅಂತ ಇದ್ದದ್ದೇ ನಾಲ್ಕು ಕೂದಲು, ಅದು ಬೇರೆ ವಿಷಯ.

ಇನ್ನೊಂದು ಸಂಗತಿಯಿದೆ. ಅಷ್ಟೊಂದು ಪುಸ್ತಕ ಹೊಲಿದ ಮನುಷ್ಯ ಒಂದನ್ನೂ ಓದಿರಲಿಲ್ಲ. ಓದು ಬರುವುದಿಲ್ಲ ಅಂತಲ್ಲ, ಐದನೇ ಕ್ಲಾಸಿನವರೆಗೆ ಕಲಿತವನೇ. ಆದರೆ ಆ ಕಸುಬೇ ಹಾಗೆ. ಅಚ್ಚಾದ ದೊಡ್ಡ ಕಾಗದವನ್ನು ಮಡಿಸಿ ಮಡಿಸಿ ಹದಿನಾರು ಪುಟದ ಒಂದು ಕಟ್ಟು ಮಾಡುತ್ತಾರೆ. ಅದಕ್ಕೆ ಫಾರಂ ಅನ್ನುತ್ತಾರೆ. ಪ್ರತಿ ಫಾರಮಿನ ಮೊದಲ ಪುಟದ ಕೆಳಗೆ, ಮೂಲೆಯಲ್ಲಿ, ಸಾಸಿವೆಯಷ್ಟು ದೊಡ್ಡ ಒಂದು ಅಂಕಿ. ಒಂದು, ಎರಡು, ಮೂರು ಅಂತ ಆ ಅಂಕಿಗಳು ಸಾಲಾಗಿ ಬಂದರೆ ಪುಸ್ತಕ ಸರಿ. ಮೇಲಿನ ಅಕ್ಷರದಲ್ಲಿ ರಾಜನ ಕಥೆ ಇದ್ದರೂ ಒಂದೇ, ರೋಗದ ಕಥೆ ಇದ್ದರೂ ಒಂದೇ. ಗೋಂದಪ್ಪನ ಕಣ್ಣು ಆ ಮೂಲೆ ಬಿಟ್ಟು ಮೇಲೆ ಏರಿದ್ದೇ ಇಲ್ಲ.

ಕ್ರೈಸ್ತರ ವೇದಪುಸ್ತಕವನ್ನಂತೂ ಸಾವಿರಗಟ್ಟಲೆ ಕಟ್ಟಿದ್ದ. ಭಾನುವಾರ ಚರ್ಚಿಗೂ ಹೋಗುತ್ತಿದ್ದ. ಕೊನೆಯ ಬೆಂಚು, ಹಾಡಿಗೆ ಎದ್ದು ನಿಲ್ಲುವುದು, ಪಾದ್ರಿಯ ಪ್ರಸಂಗ ಶುರುವಾದ ಕೂಡಲೇ ತೂಕಡಿಸುವುದು. ಅದರಲ್ಲಿ ಯೇಸುವಿನ ಕಥೆ ಬರುವ ಹೊಸ ಒಡಂಬಡಿಕೆಯಲ್ಲಿ ಏನೇನಿದೆ ಅಂತ ಯಾರೋ ಒಮ್ಮೆ ಕೆಣಕಿದಾಗ, "ದೊಡ್ಡಕ್ಷರದ್ದಾದ್ರೆ ಅರವತ್ತೈದು ಫಾರಂ ಇದೆ" ಅಂದಿದ್ದ. ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಅವನಿಗೊಬ್ಬ ಅಕ್ಕ. ಮೂರು ವರ್ಷ ದೊಡ್ಡವಳು, ಈಗ ಅರವತ್ತಾರು. ಹದಿನೇಳಕ್ಕೇ ಬಟ್ಟೆಯ ಗಿರಣಿ ಸೇರಿ ಮಗ್ಗದ ಮುಂದೆ ನಿಂತವಳು. ಇನ್ನೂರು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಕೋಣೆಯಲ್ಲಿ ಕಿವಿ ಎಷ್ಟು ದಿನ ತಾಳೀತು? ಮೂವತ್ತು ತುಂಬುವ ಹೊತ್ತಿಗೆ ಪೂರ್ತಿ ಕಿವುಡು. ಆಮೇಲೆ ಅವಳ ಕೈಚೀಲದಲ್ಲಿ ಮಕ್ಕಳ ಸ್ಲೇಟೊಂದು, ಬಳಪವೊಂದು ಸದಾ ಇರುತ್ತಿದ್ದವು. ಹೇಳುವುದಿದ್ದವರು ಬರೆದು ತೋರಿಸಬೇಕು. ಅವಳು ಮಾತ್ರ ಬಾಯಲ್ಲೇ ಹೇಳುವಳು, ಅದೂ ಗಿರಣಿಯ ಗದ್ದಲದ ಮೇಲೆ ಕೇಳಿಸಬೇಕಾದ ದನಿಯಲ್ಲಿ. ಅವಳು ಗುಟ್ಟು ಹೇಳಿದರೆ ಬೀದಿಯ ಆ ಕೊನೆಯ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು.

ಚರ್ಚಿನಲ್ಲಿ ಮೊದಲ ಬೆಂಚು ಅವಳದ್ದು. ಕಿವಿ ನೆಟ್ಟಗಿದ್ದಾಗ ಗಿರಣಿಯ ಪಾಳಿ ಬಿಟ್ಟು ಬರಲಾಗಲಿಲ್ಲ; ಕಿವಿ ಹೋದ ಮೇಲೆ ಒಂದಕ್ಷರ ಕೇಳಿಸದು, ಆದರೂ ಒಂದು ಭಾನುವಾರ ತಪ್ಪಿಸಿದವಳಲ್ಲ. ದೇವರ ವಿಷಯ ಅವಳಿಗೆ ಗೊತ್ತಿದ್ದದ್ದೆಲ್ಲ ಒಂದೇ ದಾರಿಯಿಂದ ಬಂದದ್ದು: ಅವಳ ಮದುವೆಗೆ ತಮ್ಮ ತನ್ನ ಕೈಯಾರೆ ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿ ಕೊಟ್ಟ ದೊಡ್ಡಕ್ಷರದ ಹೊಸ ಒಡಂಬಡಿಕೆ. ನಲವತ್ತಮೂರು ವರ್ಷ ಅದನ್ನೇ ಓದಿದಳು. ಗಂಡ ಹೋದ, ಮಗಳು ದೂರದ ಊರಿನಲ್ಲಿ ಸಂಸಾರ ಹೂಡಿದಳು. ಪುಸ್ತಕ ಅಲ್ಲೇ ಕಿಟಕಿಯ ಪಕ್ಕದ ಮೇಜಿನ ಮೇಲೆ ಉಳಿಯಿತು.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗೋಂದಪ್ಪನ ಅಂಗಡಿಗೆ ಬಂದಳು. ಪುಸ್ತಕದ ಬೆನ್ನು ಮುರಿದಿತ್ತು, ದಾರ ಜೋತಾಡುತ್ತಿತ್ತು. ಮೇಜಿನ ಮೇಲಿಟ್ಟ ಕೂಡಲೇ ಅದು ತಾನಾಗಿಯೇ ಒಂದು ಕಡೆ ಬಿಚ್ಚಿಕೊಂಡಿತು. ಆ ಪುಟದ ಅಂಚು ಬೆರಳಾಡಿ ಆಡಿ ಕಂದಾಗಿತ್ತು.

"ಗುರುವಾರ ಆಪರೇಷನ್ನು," ಅಂದಳು ಅಕ್ಕ. ಹೊಟ್ಟೆಯೊಳಗಿನ ಗಡ್ಡೆಯ ವಿಷಯ ಗೋಂದಪ್ಪನಿಗೆ ಗೊತ್ತೇ ಇತ್ತು. "ಬುಧವಾರ ಸಾಯಂಕಾಲದೊಳಗೆ ಕಟ್ಟಿಕೊಡು. ಆಸ್ಪತ್ರೆಗೆ ಹಾಳೆ ಉದುರಿಸ್ಕೊಂಡು ಹೋಗೋಕಾಗಲ್ಲ."

ಗೋಂದಪ್ಪ ಸ್ಲೇಟು ತೆಗೆದುಕೊಂಡು, 'ಏನೂ ಆಗಲ್ಲ, ಹೆದರಬೇಡ' ಅಂತ ಬರೆದ.

"ಸಾಯೋದಕ್ಕೆ ಯಾರು ಹೆದರ್ತಾರೋ! ಸತ್ಮೇಲೆ ಅಪ್ಪ ಎದುರಿಗೆ ಸಿಕ್ತಾನಲ್ಲ, ಅದಕ್ಕೆ ಹೆದರಿಕೆ."

ಅದುವರೆಗೆ ಯಾರಿಗೂ ಹೇಳದಿದ್ದದ್ದನ್ನು ಅವಳು ಅಲ್ಲೇ ಸ್ಟೂಲಿನ ಮೇಲೆ ಕೂತು ಹೇಳಿದಳು. ಅಪ್ಪ ಸಿಮೆಂಟು ಮೂಟೆ ಇಳಿಸುವ ಕೂಲಿ. ಅಡಿಯಿಂದ ಮುಡಿಯವರೆಗೆ ಬೂದಿ ಬಣ್ಣ, ರೆಪ್ಪೆಯೂ ಬೂದಿ. ಅವಳಿಗೆ ಇಪ್ಪತ್ತೆರಡು ಇದ್ದಾಗ ಒಂದು ಮಧ್ಯಾಹ್ನ, ಲಾರಿ ಆ ಕಡೆ ಹೋಗಿತ್ತು ಅನ್ನುವ ಒಂದೇ ಕಾರಣಕ್ಕೆ, ಮಗಳನ್ನು ನೋಡಿಕೊಂಡು ಹೋಗೋಣ ಅಂತ ಗಿರಣಿಯ ಗೇಟಿನ ಹತ್ತಿರ ಬಂದು ನಿಂತು ನಕ್ಕಿದ್ದ. ಗೆಳತಿಯರು, ಹೊಸ ಸೂಪರ್‌ವೈಸರು ಎಲ್ಲ ಅಲ್ಲೇ ಇದ್ದರು. "ಯಾರೇ ಅದು, ನಿನ್ನೇ ನೋಡ್ತಿದಾನೆ?" ಅಂತ ಒಬ್ಬಳು ಕೇಳಿದಳು.

"ನಂಗೊತ್ತಿಲ್ಲಮ್ಮ, ಯಾರೋ ಕೂಲಿಯವನು, ದಾರಿ ತಪ್ಪಿ ಬಂದಿರ್ಬೇಕು ಅಂದ್ಬಿಟ್ಟೆ ಕಣೋ. ಅಪ್ಪನಿಗೆ ಕೇಳಿಸ್ತು. ಕಾವಲುಗಾರನ ಕಡೆ ತಿರುಗಿ, ಹೌದು ಸ್ವಾಮಿ, ದಾರಿ ತಪ್ತು ಅಂತ ಹೇಳಿ ಹೊರಟುಹೋದ."

ಮನೆಯಲ್ಲಿ ಅಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಅವಳೂ ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದಳು. ಹನ್ನೊಂದನೆಯ ದಿನ ಅಪ್ಪ ಜ್ವರದಲ್ಲಿ ತೀರಿಹೋದ.

ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತ್ತು.

"ಅದಕ್ಕೇ ಈ ಪುಟ ನೋಡು, ಸವೆದುಹೋಗಿದೆ," ಅಂತ ಅಕ್ಕ ಬಿಚ್ಚಿಕೊಂಡಿದ್ದ ಪುಟದ ಮೇಲೆ ಬೆರಳಿಟ್ಟಳು. "ಇಲ್ಲಿ ಆ ಮೀನು ಹಿಡಿಯೋ ಶಿಷ್ಯ ಇದಾನಲ್ಲ, ಅವನು ಅಂಗಳದಲ್ಲಿ ಬೆಂಕಿ ಕಾಯಿಸ್ಕೊಳ್ತಾ, ಆ ಯೇಸು ಯಾರೋ ನಂಗೊತ್ತಿಲ್ಲ ಅಂತಾನೆ. ಮೂರು ಸಲ. ಥೇಟ್ ನನ್ ಹಾಗೆ. ಗುರುವನ್ನ ಕೊಂದು ಹೂಳ್ತಾರೆ. ಮುಂದಿನ ಪುಟ ತಿರುಗಿಸಿದ್ರೆ ಅದೇ ಶಿಷ್ಯ ದೇವಾಲಯದ ದೊಡ್ಡ ಬಾಗಿಲಲ್ಲಿ ನಿಂತ್ಕೊಂಡು ಸಾವಿರ ಜನದ ಮುಂದೆ ಭಾಷಣ ಮಾಡ್ತಿದಾನೆ, ಯಾವ ಅಳುಕೂ ಇಲ್ಲ! ಅದು ಹೇಗೆ? ನಡುವೆ ಏನಾಯ್ತು? ಎದ್ದು ಬಂದ ಗುರು ಅವನ ಹತ್ರ ಆ ವಿಷಯ ಎತ್ತಲೇ ಇಲ್ವಾ? ನಲವತ್ತು ವರ್ಷದಿಂದ ಯೋಚನೆ ಮಾಡ್ತಿದೀನಿ. ಹಳೇ ಪಾದ್ರಿಗಳನ್ನ ಒಮ್ಮೆ ಕೇಳ್ದೆ. ಪವಿತ್ರಾತ್ಮನ ಬಲದಿಂದ ಅಂತ ಸ್ಲೇಟಲ್ಲಿ ಬರೆದ್ರು. ಇರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಗೊತ್ತಿಲ್ಲ ಅಂದ್ಯಲ್ಲೋ ಅಂತ ಒಂದು ಮಾತು? ಅದು ಆಡಿ ಮುಗೀದೆ ಅವನಿಗೆ ನೆಮ್ಮದಿ ಹೇಗೆ ಬಂತು? ನಿಂಗೇನಾದ್ರೂ ಗೊತ್ತಾ?"

ಗೋಂದಪ್ಪ, 'ನಾನು ಹೊಲಿಯೋನು, ಓದೋನಲ್ಲ' ಅಂತ ಬರೆದ.

"ಹಾಳಾದೋನೆ," ಅಂತ ಅಕ್ಕ ಪ್ರೀತಿಯಿಂದಲೇ ಬೈದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಮಧ್ಯಾಹ್ನ ಗೋಂದಪ್ಪ ಪುಸ್ತಕ ಬಿಚ್ಚಲು ಕೂತ. ಹಳೇ ರಟ್ಟು ಕಿತ್ತ, ಬೆನ್ನಿನ ಮೇಲಿದ್ದ ಗೋಂದನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದ, ದಾರ ಕತ್ತರಿಸಿದ. ಬಿಡಿಬಿಡಿಯಾದ ಫಾರಂಗಳನ್ನು ಅಭ್ಯಾಸಬಲದಿಂದ ಎಣಿಸತೊಡಗಿದ. ಕಣ್ಣು ಮೂಲೆಯ ಅಂಕಿಯ ಮೇಲೆ, ಬಾಯಲ್ಲಿ ಗುಣುಗುಣು. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು, ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು.

ಕೈ ನಿಂತಿತು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಪುಟದ ಅಂಕಿ ನೋಡಿದ: ಇಪ್ಪತ್ತೇಳನೆಯ ಫಾರಂ ನಾನೂರ ಮೂವತ್ತೆರಡನೆಯ ಪುಟಕ್ಕೆ ಮುಗಿಯುತ್ತದೆ, ಮುಂದಿನದು ನಾನೂರ ನಲವತ್ತೊಂಬತ್ತಕ್ಕೆ ಶುರುವಾಗುತ್ತದೆ. ಅದಾದ ಮೇಲೆ ಮತ್ತೆ ಅದೇ ನಾನೂರ ನಲವತ್ತೊಂಬತ್ತು. ಇಪ್ಪತ್ತೊಂಬತ್ತನೆಯ ಫಾರಂ ಎರಡೆರಡು, ಇಪ್ಪತ್ತೆಂಟು ಇಲ್ಲವೇ ಇಲ್ಲ.

ಹೇಗಾಯಿತು ಅನ್ನುವುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಗ ಅವನು ಒಂದು ದೊಡ್ಡ ಬೈಂಡಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಉದ್ದನೆಯ ಮೇಜಿನ ಮೇಲೆ ಫಾರಂಗಳ ಅರವತ್ತೈದು ಗುಡ್ಡೆ; ಕೆಲಸಗಾರ ಮೇಜಿನ ಸುತ್ತ ನಡೆಯುತ್ತಾ ಒಂದೊಂದು ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತಾ ಹೋಗಬೇಕು. ಆ ಕೆಲಸದಲ್ಲಿ ನುರಿತವರು ನೋಡುವುದೇ ಇಲ್ಲ, ಹೆಜ್ಜೆಗೊಂದು ಫಾರಂ. ಆರ್ಡರಿನ ಪ್ರತಿಗಳೆಲ್ಲ ಮುಗಿದ ಮೇಲೆ ಮಿಕ್ಕ ಫಾರಂಗಳಲ್ಲಿ ಅಕ್ಕನಿಗೊಂದು ಪ್ರತಿ ಮಾಡಿಕೊಳ್ಳುತ್ತೇನೆ ಅಂತ ಧಣಿಯನ್ನು ಕೇಳಿ ಒಪ್ಪಿಸಿದ್ದ. ಗುಡ್ಡೆಗಳು ತಳ ಕಂಡಿದ್ದವು. ಇಪ್ಪತ್ತೆಂಟರ ಗುಡ್ಡೆ ಪೂರ್ತಿ ಬರಿದಾಗಿ, ಪಕ್ಕದ ಗುಡ್ಡೆ ಆ ಜಾಗಕ್ಕೆ ಜರುಗಿತ್ತು. ಹೆಜ್ಜೆಗೊಂದು ಎತ್ತಿದ. ಎರಡು ಹೆಜ್ಜೆ, ಒಂದೇ ಗುಡ್ಡೆ. ಆರ್ಡರಿನ ಪುಸ್ತಕವಾಗಿದ್ದರೆ ಹೊಲಿಯುವ ಮುಂಚೆ ಇನ್ನೊಬ್ಬ ಅಂಕಿ ನೋಡುತ್ತಿದ್ದ. ಇದು ಮನೆಯ ಪುಸ್ತಕ, ಅಕ್ಕನ ಮದುವೆಯ ಸಂಭ್ರಮ ಬೇರೆ, ಯಾರು ನೋಡುತ್ತಾರೆ? ಪರರ ಸಾವಿರ ಪುಸ್ತಕ ನೆಟ್ಟಗೆ ಹೊಲಿದವನು ಸ್ವಂತ ಅಕ್ಕನದನ್ನೇ ಕೆಡಿಸಿದ್ದ.

ಹಾಗಾದರೆ ಅಕ್ಕ ಕೇಳುತ್ತಿದ್ದ 'ನಡುವೆ ಏನಾಯ್ತು' ಅನ್ನುವುದು? ಅದು ಆ ಹದಿನಾರು ಪುಟದಲ್ಲಿತ್ತೇ? ಏನಿತ್ತು ಅದರಲ್ಲಿ? ಜೀವನದಲ್ಲಿ ಮೊಟ್ಟಮೊದಲ ಬಾರಿಗೆ ಗೋಂದಪ್ಪನಿಗೆ ಒಂದು ಫಾರಮಿನ ಅಂಕಿ ಬಿಟ್ಟು ಅಕ್ಷರ ಬೇಕಾಯಿತು. ಅದೇ ಫಾರಂ ಕೈಯಲ್ಲಿಲ್ಲ. ಹಣೆಬರಹ ಅಂದರೆ ಇದು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಮೊದಲು ಅವನ ಮೀಸೆಯನ್ನೇ ನೋಡಿದಳು. ಆಮೇಲೆ ಅವನ ಮುಖದ ಬಣ್ಣ ನೋಡಿ ನಗು ನುಂಗಿಕೊಂಡಳು.

"ಎಲ್ಲಾದ್ರೂ ಇನ್ನೊಂದು ಹುಡುಕಿ ಸೇರಿಸಿಬಿಡ್ತೀನಿ," ಅಂದ ಗೋಂದಪ್ಪ. "ಹೊಸ ರಟ್ಟಿನ ಒಳಗೆ ಯಾರಿಗೆ ಗೊತ್ತಾಗುತ್ತೆ? ಅವಳಿಗೆ ಹೇಳೋದೇ ಬೇಡ. ಆಪರೇಷನ್ ಹೊತ್ತಲ್ಲಿ ಸುಮ್ನೆ ಯಾಕೆ ಮನಸ್ಸು ಕದಡೋದು?"

"ಅವರ ಮನಸ್ಸೋ, ನಿಮ್ಮ ಮರ್ಯಾದೆಯೋ?" ಅಂದಳು ಹೆಂಡತಿ. "ಬುಧವಾರ ಸಾಯಂಕಾಲ ಪುಸ್ತಕ ಕೊಡ್ತೀರ. ಗುರುವಾರ ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗ್ತಾರೆ. ಸಾವಿರ ಪುಟದಲ್ಲಿ ಆ ಹದಿನಾರು ಅವರ ಕಣ್ಣಿಗೆ ತಾನಾಗೇ ಬೀಳುತ್ತಾ? ನೀವು ಹೇಳಿದ್ರೇನೇ ಓದ್ತಾರೆ."

ನಿಜವಾದ ಮಾತು ಕೇಳಿದಾಗಲೆಲ್ಲ ಗೋಂದಪ್ಪ ಸಿಡುಕುತ್ತಿದ್ದ. ಆ ದಿನವೂ ಸಿಡುಕಿ, ಚಪ್ಪಲಿ ಮೆಟ್ಟಿಕೊಂಡು ಚರ್ಚಿನ ಕಡೆ ನಡೆದ. ಅದೇ ಶೆಡ್ಡಿನಲ್ಲಿ ಅದೇ ಸಲ ಹೊಲಿದ ಪ್ರತಿಗಳು ಚರ್ಚಿನ ಬೀರುವಿನಲ್ಲಿ ಒಂದೆರಡು ಇದ್ದೇ ಇರುತ್ತವೆ ಅನ್ನುವುದು ಅವನ ಲೆಕ್ಕ.

ಪಾದ್ರಿ ಮೂವತ್ತರ ಯುವಕ. ವೇದಿಕೆಯ ಮೇಲೆ ಮಂಡಿಯೂರಿ ಕೂತು ಕೆಟ್ಟುಹೋದ ಮೈಕಿನ ವೈರು ಸುಲಿಯುತ್ತಿದ್ದ. ಸಂಗತಿ ಕೇಳಿ ಬೀರು ತೆಗೆದುಕೊಟ್ಟ. ಒಳಗೆ ಗೆದ್ದಲು ಹಿಡಿದ ಒಂದು ಪ್ರತಿ ಸಿಕ್ಕಿತು. ಮುಂದಿನ ನೂರು ಪುಟವೂ ಹಿಂದಿನ ನೂರು ಪುಟವೂ ಪುಡಿಪುಡಿ, ನಡುಭಾಗ ಮಾತ್ರ ಗಟ್ಟಿ. ಗೋಂದಪ್ಪ ಅಲ್ಲೇ ಬೆಂಚಿನ ಮೇಲೆ ಜೇಬಿನ ಚಾಕುವಿನಿಂದ ದಾರ ಕತ್ತರಿಸಿ ಇಪ್ಪತ್ತೆಂಟನ್ನು ಬಿಡಿಸಿಕೊಂಡ. ಹದಿನಾರೂ ಪುಟ ಇಡಿಯಾಗಿದ್ದವು, ಎರಡು ಸಲ ಎಣಿಸಿಕೊಂಡ.

"ಪಾದ್ರಿಗಳೇ, ಒಂದು ಕೇಳ್ತೀನಿ, ನಗಬಾರದು."

"ಕೇಳಿ."

"ಹದಿನಾರು ಪುಟ ಓದದೇ ಇದ್ದವರಿಗೆ ಮೋಕ್ಷ ತಪ್ಪುತ್ತಾ?"

ಪಾದ್ರಿ ವೈರು ಕೆಳಗಿಟ್ಟ. "ಯೇಸುಸ್ವಾಮಿಯ ಪಕ್ಕದ ಶಿಲುಬೆ ಮೇಲೆ ಒಬ್ಬ ಕಳ್ಳ ಇದ್ದ. ಅವನು ಒಂದು ಪುಟಾನೂ ಓದಿರಲಿಲ್ಲ. ಅವತ್ತೇ ಸ್ವರ್ಗದ ಒಳಗೆ ಹೋದ."

"ಅಯ್ಯೋ, ಹಾಗಾದ್ರೆ ನಾನು ಇಷ್ಟು ವರ್ಷ ಹೊಲಿದಿದ್ದೆಲ್ಲ ಯಾಕೆ? ನೀವು ಪ್ರತಿ ವಾರ ಅದನ್ನೇ ಹಿಡ್ಕೊಂಡು ಯಾಕೆ ಮಾತಾಡ್ತೀರ?"

"ನೀವು ಪ್ರಸಂಗದಲ್ಲಿ ಎಚ್ಚರ ಇರ್ತೀರಾ?" ಅಂತ ಪಾದ್ರಿ ನಕ್ಕುಬಿಟ್ಟ. ಆಮೇಲೆ ತಲೆ ಕೆರೆದುಕೊಂಡ. ನಿಧಾನವಾಗಿ ಹೇಳಿದ: "ನೋಡಿ, ಉಳಿಸೋನು ಆತ, ಪುಸ್ತಕ ಅಲ್ಲ. ಆದ್ರೆ ಆತ ಎಂಥವನು ಅಂತ ನಮಗೆ ಹೇಳೋರು ಯಾರು? ಕತ್ತಲೆಯಲ್ಲೂ ಒಬ್ಬ ಮನುಷ್ಯ ಮನೆ ಸೇರಬಹುದು. ಆದ್ರೆ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿದಾರೋ, ದೀಪ ಹಿಡಿದು ನಿಂತಿದಾರೋ ಗೊತ್ತಿಲ್ಲದೆ, ದಾರಿ ಪೂರ್ತಿ ನಡುಗಿಕೊಂಡೇ ಬರ್ತಾನಲ್ಲ? ನಿಮ್ಮಕ್ಕ ತಲುಪ್ತಾರೆ, ನಂಗೆ ಅನುಮಾನ ಇಲ್ಲ. ಅವರು ನಡುಗಿದ್ದಾರೆ, ಅಷ್ಟೇ. ನಲವತ್ತು ವರ್ಷ."

ಗೋಂದಪ್ಪನಿಗೆ ಅದಕ್ಕಿಂತ ಬೈದಿದ್ದರೇ ವಾಸಿ ಅನ್ನಿಸಿತು. ಹದಿನಾರು ಪುಟವನ್ನು ಅಂಗಿಯೊಳಗೆ ಇಟ್ಟುಕೊಂಡು ಅಂಗಡಿಗೆ ಬಂದ.

ಮಂಗಳವಾರ ಬೆಳಿಗ್ಗೆ ಗೋಂದು ಕಾಯಿಸಲು ಇಟ್ಟು, ಫಾರಂ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನಿಂತೇ ಓದಲು ಶುರು ಮಾಡಿದ. ಅಭ್ಯಾಸ ತಪ್ಪಿದ ಓದು, ಅಕ್ಷರಕ್ಕಕ್ಷರ ತಡವರಿಕೆ. ತೋಟದ ಸಮಾಧಿ ಬರಿದಾಗಿರುವುದು, ಅಳುತ್ತಾ ನಿಂತ ಹೆಂಗಸು ಎದುರಿಗಿರುವ ಗುರುವನ್ನೇ ತೋಟದ ಮಾಲಿ ಅಂದುಕೊಳ್ಳುವುದು. 'ಅರೆ!' ಅಂದುಕೊಂಡ ಗೋಂದಪ್ಪ. ಮುಂದೆ? ಮುಂದೆ ಬಾಗಿಲು ಹಾಕಿಕೊಂಡು ಕೂತ ಶಿಷ್ಯರು, ನಂಬದ ಒಬ್ಬ. ಮುಂದೆ? ಪುಟ ತಿರುಗಿಸಿದರೆ ಸರೋವರ, ದೋಣಿ, ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗದೆ ಮರಳುತ್ತಿರುವ ಆ ಮೀನುಗಾರ. ದಡದಲ್ಲಿ ಯಾರೋ ನಿಂತಿದ್ದಾರೆ.

ಅಲ್ಲಿಗೆ ಗೋಂದು ಸೀದ ವಾಸನೆ ಬಂತು. ಪಾತ್ರೆಯ ತಳ ಕರಿದಾಗುತ್ತಿತ್ತು. 'ಸೀಯಲಿ' ಅಂದ ಗೋಂದಪ್ಪ, ಒಲೆಯ ಕಡೆ ತಿರುಗಿಯೂ ನೋಡದೆ. ಆ ಭಾಗವನ್ನು ಕೊನೆಯವರೆಗೆ ಓದಿ ಸ್ಟೂಲಿನ ಮೇಲೆ ಕೂತ. ಅಕ್ಕ ಕೇಳುತ್ತಿದ್ದದ್ದು ಇದೇ, ಇಲ್ಲೇ ಇತ್ತು. ಒಂದೇ ಒಂದು ಹೆಜ್ಜೆಯ ತಪ್ಪು, ಅದಕ್ಕೆ ನಲವತ್ತಮೂರು ವರ್ಷದ ಬಡ್ಡಿ, ಅದನ್ನೂ ಅವಳೇ ಕಟ್ಟಿದ್ದಾಳೆ ಅಂತ ತಲೆ ಚಚ್ಚಿಕೊಂಡ.

ಹೊಸದಾಗಿ ಗೋಂದು ಕಾಯಿಸಿದ. ಅಂಕಿಗಳನ್ನು ಮೂರು ಸಲ ನೋಡಿ, ಇಪ್ಪತ್ತೆಂಟನ್ನು ಅದರ ಜಾಗದಲ್ಲಿಟ್ಟು, ಇಪ್ಪತ್ತೊಂಬತ್ತರ ಒಂದು ಪ್ರತಿಯನ್ನು ತೆಗೆದು ಹೊಲಿದ. ತೆಗೆದದ್ದರಲ್ಲೂ ಅಕ್ಕ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. ಎರಡು ಪ್ರತಿಯಲ್ಲೂ ಅವೇ ಸಾಲುಗಳ ಕೆಳಗೆ, ಅಷ್ಟೇ ಶ್ರದ್ಧೆಯಿಂದ.

ಬುಧವಾರ ಮಧ್ಯಾಹ್ನ ಪುಸ್ತಕವನ್ನು ಒತ್ತುಯಂತ್ರದಿಂದ ತೆಗೆದು ಅಕ್ಕನ ಮನೆಗೆ ಹೋದ. ಎರಡೇ ಕೋಣೆಯ ಮನೆ. ಬಾಗಿಲಲ್ಲಿ ಆಸ್ಪತ್ರೆಯ ಚೀಲ ಕಟ್ಟಿ ಇಟ್ಟಾಗಿತ್ತು: ಎರಡು ಜೊತೆ ಬಟ್ಟೆ, ಸೋಪು, ಡಾಕ್ಟರ ಚೀಟಿಗಳು. ಅಕ್ಕ ಪುಸ್ತಕ ತೆಗೆದುಕೊಂಡು ಹೊಸ ಬೆನ್ನಿನ ಮೇಲೆ ಕೈಯಾಡಿಸಿ, "ಚೆನ್ನಾಗಿ ಕಟ್ಟಿದೀಯ" ಅಂದಳು. ಗೋಂದಪ್ಪ ಸ್ಲೇಟಿಗೆ ಕೈ ಚಾಚಿದ. ಬಳಪ ಎರಡು ಸಲ ಮುರಿಯಿತು. ಕೊನೆಗೂ ಬರೆದ:

'ನಾನೂರ ಮೂವತ್ತಮೂರನೇ ಪುಟದಿಂದ ಹದಿನಾರು ಪುಟ ನಿನ್ನ ಪುಸ್ತಕದಲ್ಲಿ ಇರಲೇ ಇಲ್ಲ. ನಾನೇ ಬಿಟ್ಟುಬಿಟ್ಟಿದ್ದೆ. ಮುಂದಿನದನ್ನ ಎರಡು ಸಲ ಹಾಕಿದ್ದೆ. ನೀನು ಕೇಳಿದ್ದು ಅಲ್ಲಿದೆ. ತಪ್ಪು ನಂದು.'

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು.

"ಎರಡು ಸಲ ಇತ್ತು, ಅದು ಗೊತ್ತಿತ್ತು," ಅಂದಳು ನಿಧಾನಕ್ಕೆ. "ಎರಡೆರಡು ಸಲ ಹೇಳಿದಾರೆ ಅಂದ್ರೆ ಭಾಳ ಮುಖ್ಯ ಇರ್ಬೇಕು ಅಂದ್ಕೊಂಡು, ನಾನೂ ಎರಡೆರಡು ಸಲ ಓದ್ತಿದ್ದೆ. ದೇವರ ಪುಸ್ತಕದಲ್ಲಿ ತಪ್ಪಿರುತ್ತಾ, ನನ್ ತಲೆಯಲ್ಲೇ ತಪ್ಪು ಅಂತ."

ಗೋಂದಪ್ಪ ಹೋಗಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ.

ಅಕ್ಕ ಕಿಟಕಿಯ ಪಕ್ಕ ಕೂತು ಆ ಪುಟ ತೆಗೆದಳು. ಕಿವುಡಿಗೆ ತನ್ನ ದನಿಯ ಅಂದಾಜಿಲ್ಲ. ಮನಸ್ಸಿನಲ್ಲೇ ಓದುತ್ತಿದ್ದೇನೆ ಅಂದುಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಅರವತ್ತಾರನೆಯ ವಯಸ್ಸಿನಲ್ಲಿ, ಪೂರ್ತಿ ಗೊತ್ತು ಅಂದುಕೊಂಡಿದ್ದ ಪುಸ್ತಕದಲ್ಲಿ ಹದಿನಾರು ಹೊಸ ಪುಟ. ನಡುನಡುವೆ, "ಓಹೋ!", "ನೋಡಿದ್ಯಾ!", "ಮಾಲಿ ಅಂದ್ಕೊಂಡ್ಳಂತೆ, ಪಾಪ!" ಅನ್ನುವಳು. ಸರೋವರದ ಭಾಗಕ್ಕೆ ಬಂದಾಗ ದನಿ ಇಳಿಯಿತು. ಬೆರಳು ಸಾಲಿನ ಕೆಳಗೆ ಬಹಳ ನಿಧಾನವಾಗಿ ಹರಿಯಿತು. ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅದೇ ಸಾಲನ್ನು ಓದಿದಳು.

"ಬೈಯಲೇ ಇಲ್ವಲ್ಲೋ!" ಅಂದಳು ಅಕ್ಕ, ತಲೆ ಎತ್ತಿ. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಬೆರಗು. "ಗೊತ್ತಿಲ್ಲ ಅಂದ್ಯಲ್ಲ ಅಂತ ಒಂದ್ ಮಾತು ಆಡ್ಲಿಲ್ಲ. ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಕೊಂಡು, ಬನ್ನಿ ತಿಂಡಿ ತಿನ್ನಿ ಅಂತಾನೆ. ಅಂಗಳದಲ್ಲಿ ಕೆಂಡದ ಮುಂದೆ ತಾನೇ ಅವನು ಗೊತ್ತಿಲ್ಲ ಅಂದಿದ್ದು? ಮತ್ತೆ ಕೆಂಡದ ಹತ್ರಾನೇ ಕರೆದು ಕೂರಿಸ್ಕೊಂಡಿದಾನೆ ನೋಡು. ಮೊದಲು ಹೊಟ್ಟೆ ತುಂಬಿಸಿದಾನೆ. ಆಮೇಲೆ, ನನ್ ಮೇಲೆ ಪ್ರೀತಿ ಇದ್ಯಾ ಅಂತ ಕೇಳ್ತಾನೆ. ಮೂರು ಸಲ. ಅಷ್ಟೇ ಕೇಳಿದ್ದು. ಬೇರೇನೂ ಕೇಳ್ಲಿಲ್ಲ. ತನ್ನ ಕುರಿಗಳನ್ನ ನೋಡ್ಕೊಳ್ಳೋ ಕೆಲಸಾನೂ ಅವನಿಗೇ ಕೊಟ್ಟ." ಅವಳು ಪುಟದ ಮೇಲೆ ಅಂಗೈ ಇಟ್ಟಳು. "ಅದಕ್ಕೇ ಅವನಿಗೆ ಅಷ್ಟು ಧೈರ್ಯ."

ಆಮೇಲೆ ಅವಳ ನೋಟ ತಮ್ಮನ ಮೇಲೆ ಬಿತ್ತು. ಗೋಂದಪ್ಪ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮುದುಡಿಕೊಂಡಿದ್ದ. ಈಗ ಬರುತ್ತೆ ಅಂದುಕೊಂಡ. ಬರಬೇಕಾದದ್ದೇ, ಬರಲಿ. ಬೀದಿಗೆಲ್ಲ ಕೇಳಿಸುವಂತೆ ಬೈದರೂ ಸರಿ, ಮೀಸೆಯೂ ಬೋಳಿಸಿಕೊಳ್ಳುತ್ತೇನೆ ಅಂತ ಗಟ್ಟಿ ಮಾಡಿಕೊಂಡು ಬಂದಿದ್ದ. ಅಕ್ಕ ಎದ್ದು ಅವನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಬಂತು, ಒಲೆ ಹೊತ್ತಿದ ಸದ್ದು ಬಂತು. ಬಹಳ ಹೊತ್ತಾಯಿತು. ತಟ್ಟೆಯಲ್ಲಿ ಬಿಸಿ ಮಾಡಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಟೀ ಇಟ್ಟುಕೊಂಡು ಬಂದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ. ಮೊದಲು ತಿನ್ನು."

ಗೋಂದಪ್ಪ ಸ್ಲೇಟು ಎಳೆದುಕೊಂಡು, 'ಬೈಯಲ್ವಾ?' ಅಂತ ಬರೆದ.

ಅಕ್ಕ ಅದನ್ನು ಅಂಗೈಯಿಂದ ಒರೆಸಿಹಾಕಿದಳು. "ತಿನ್ನು ಅಂದೆ."

ಅವನು ಬ್ರೆಡ್ಡು ಮುರಿದು ಬಾಯಿಗಿಟ್ಟ. ಟೀ ಕುಡಿದು ಅದನ್ನು ಒಳಗಿಳಿಸಿದ. ಅಕ್ಕ ಎದುರಿಗೆ ಕೂತು ಅವನು ತಿನ್ನುವುದನ್ನೇ ನೋಡುತ್ತಿದ್ದಳು. ಅರ್ಧ ತಟ್ಟೆ ಖಾಲಿಯಾದ ಮೇಲೆ, ಅವಳ ಗಂಟಲಿಗೆ ಎಷ್ಟು ಸಣ್ಣ ದನಿ ಸಾಧ್ಯವೋ ಅಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಅಪ್ಪನೂ ಹೀಗೇ ತಾನೇ ಮಾಡೋದು?"

ಗೋಂದಪ್ಪ ಸ್ಲೇಟು ಮುಟ್ಟಲಿಲ್ಲ. ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು, ಕೆನ್ನೆಯ ಮೇಲೆ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಹೌದು ಹೌದು ಅಂತ ತಲೆ ಆಡಿಸಿದ. ಆಡಿಸುತ್ತಲೇ ಇದ್ದ.

"ಹಾಗಾದ್ರೆ ನಾಳೆ ಹೆದರಿಕೆ ಇಲ್ಲ," ಅಂದಳು ಅಕ್ಕ. ಇನ್ನೊಂದು ಮೊಟ್ಟೆ ತೆಗೆದುಕೊಂಡು ಅವನಿಗಾಗಿ ಸುಲಿಯತೊಡಗಿದಳು.